ಬಿಳಿ ಮಾಡು

ಘಟ್ಟದ ಮೇಲಿನವರ ಕಿವಿಗೆ ‘ಮಾಡು’ ಅಂದರೆ
ಯಾರೋ ಕೆಲಸ ಹೇಳಿದ ಹಾಗೆ.
ನಮಗೆ ಅದು ತಲೆಯ ಮೇಲಿನದು.
ಬೊಕ್ಕಪಟ್ಣದ ನಮ್ಮ ಮನೆಯಲ್ಲಿ
ಎದುರಿನ ಕೋಣೆಗೆ ಹಂಚು,
ಹಿಂದೆ ಎಳೆದ ಇಳಿಮಾಡಿಗೆ ತಗಡು.
ತಗಡಿನಡಿ ಕೂತು ನಾನೂ ಅವ್ವಮ್ಮನೂ
ಬೀಡಿ ಕಟ್ಟುವುದು.
ಫ್ಯಾನ್ ಇದೆ. ಹಾಕುವಂತಿಲ್ಲ,
ಹೊಗೆಸೊಪ್ಪಿನ ಹುಡಿ ತಡ್ಪೆಯಿಂದ ಎದ್ದು
ಕಣ್ಣಿಗೇ ಬರುತ್ತದೆ.

ಮಾರ್ಚಿನ ಸೆಕೆ ಎಂದರೆ ಬೆವರು ಅಲ್ಲ ಮಾರಾಯ್ರೆ,
ಬೆವರು ಮೊದಲೂ ಇತ್ತು.
ಈಗ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ
ಹತ್ತೂವರೆಗೇ ಒಣಗಿ ಚಟ್ ಎನ್ನುತ್ತದೆ.
ಒಡೆದ ಎಲೆಯ ಲೆಕ್ಕವನ್ನು ಬ್ರಾಂಚಿನವ
ನಮ್ಮ ತಲೆಗೇ ಕಟ್ಟುತ್ತಾನೆ.
ಸೂರ್ಯನ ತಲೆಗೆ ಕಟ್ಟಲಿಕ್ಕೆ ಆಗುತ್ತದಾ?

“ಬಿಳಿ ಮಾಡಿಗೆ ಬಿಸಿಲು ನಿಲ್ಲುವುದಿಲ್ಲವಂತೆ,”
ಅಂದದ್ದು ಅವ್ವಮ್ಮನ ಮೊಮ್ಮಗ ಸಿನಾನ್, ಏಳನೇ ಕ್ಲಾಸು.
“ಬಂದ ದಾರಿಯಲ್ಲೇ ಹಿಂದೆ ಕಳಿಸುತ್ತದಂತೆ.”
ಬಂದವರನ್ನು ಬೆಲ್ಲ ನೀರು ಕೊಡದೆ
ಕಳಿಸಿ ಗೊತ್ತಿಲ್ಲ ನಮಗೆ.
ಇರಲಿ, ಇವನೊಬ್ಬನನ್ನು ಕಳಿಸುವ, ಅಂದೆ.

ಪೇಂಟಿನ ಅಂಗಡಿಯಲ್ಲಿ ಡಬ್ಬಿಯ ಕ್ರಯ ಕೇಳಿ
ಸೀದಾ ಮೊಂತು ಪೊರ್ಬುವಿನ ಸುಣ್ಣದ ಗೂಡಿಗೆ ಹೋದೆ.
ಅವನದ್ದು ಚಿಪ್ಪಿನ ಸುಣ್ಣ, ಹೊಳೆಯದ್ದು.
ನಾವು ಮರುವಾಯಿ ಸುಕ್ಕ ಉಂಡು
ಹಿತ್ತಿಲಿಗೆ ಬಿಸಾಡಿದ್ದು
ಬೆಂಕಿಗೆ ಬಿದ್ದು, ನೀರಿಗೆ ಬಿದ್ದು
ಕೊತಕೊತ ಕುದಿದು
ಬೆಳ್ಳಗಾಗಿ ಬರುತ್ತದೆ.
ತಂಪು ಮಾಡಲಿಕ್ಕೆ ಹೊರಟದ್ದು
ಮೊದಲು ಎಷ್ಟು ಬೇಯಬೇಕು ನೋಡಿ.

ಗಂಜಿ ತೆಳಿ, ಒಂದು ಮುಷ್ಟಿ ಉಪ್ಪು, ಫೆವಿಕಾಲ್.
ತೆಂಗಿನ ನಾರಿನ ಕುಂಚ.
ಏಣಿ ಹಿಡಿದದ್ದು ಸಿನಾನ್, ಬೈದದ್ದು ಅವ್ವಮ್ಮ.
ತಗಡಿಗೆ ಎರಡು ಕೈ ಆಯಿತು.
ಹಂಚಿನ ಬದಿಗೆ ಬಂದಾಗ ಕುಂಚ ನಿಂತಿತು.

ಅಪ್ಪ ಹೊಯ್ಗೆಬಜಾರಿನ ಕಾರ್ಖಾನೆಯಲ್ಲಿ
ಹಸಿ ಹಂಚು ಹೊತ್ತವರು.
ಊರಿಗೆ ಊರೇ ಕೆಂಪಾದದ್ದು
ತನ್ನ ಹೆಗಲಿನಿಂದ ಎಂಬ ಜಂಭ ಅವರಿಗೆ.
ಮೂರನೇ ಸಾಲಿನ ಒಂದು ಹಂಚಿನಲ್ಲಿ
ಅವರ ಹೆಬ್ಬೆರಳು ಊರಿದ ಕುಳಿ ಇದೆ,
ಅದಕ್ಕೇ ರಿಜೆಕ್ಟ್ ಆಗಿ ನಮಗೆ ಸಿಕ್ಕಿದ್ದು.
ಅದರ ಮೇಲೂ ಎಳೆದೆ.
ಆ ಕುಳಿ ಮಾತ್ರ
ಸ್ವಲ್ಪ ಹೆಚ್ಚು ಸುಣ್ಣ ಕೇಳಿತು.

ಮೂರನೇ ದಿನ ಅಪಾರ್ಟ್‌ಮೆಂಟಿನ ಐದನೇ ಮಾಳಿಗೆಯಿಂದ
ಒಬ್ಬರು ಇಳಿದು ಬಂದರು, ಕಪ್ಪು ಕನ್ನಡಕ.
“ನಿಮ್ಮ ಮಾಡು ನಮ್ಮ ಕಣ್ಣಿಗೆ ಹೊಡೆಯುತ್ತದೆ.”
ಅವರ ಏಸಿಯ ಬೆನ್ನು
ಹನ್ನೊಂದು ವರ್ಷದಿಂದ
ನಮ್ಮ ಹಿತ್ತಿಲಿಗೆ ಉಸಿರು ಬಿಡುತ್ತಿದೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ,
ಸುಣ್ಣದ ಕಣ್ಣು ಯಾವಾಗಲೂ ನಮ್ಮದೇ.
ಈ ಸಲ ಕ್ರಯ ಕೊಟ್ಟು ತಂದೆವು, ಅಷ್ಟೆ.
ಹಾಗಂತ ಹೇಳಲಿಲ್ಲ.
ಬೆಲ್ಲ ನೀರು ಕೊಟ್ಟೆ.
ಕುಡಿದು, ತಗಡಿನಡಿ ಸ್ವಲ್ಪ ಹೊತ್ತು ಕೂತರು.
“ಇಲ್ಲಿ ಪರವಾಗಿಲ್ಲ,” ಅಂದರು.

ಎಷ್ಟು ಡಿಗ್ರಿ ಇಳಿಯಿತು ಎಂದು ಸಿನಾನ್ ಕೇಳಿದ.
ಎಲೆ ಹನ್ನೆರಡೂವರೆವರೆಗೆ ಮೆತ್ತಗಿತ್ತು,
ಅಷ್ಟು ಡಿಗ್ರಿ.

ಬಂಗುಡೆ ದೂರ ಹೋಗಿದೆ,
ನೀರೇ ಬಿಸಿಯಾಗಿದೆ ಅನ್ನುತ್ತಾ
ದಕ್ಕೆಯಿಂದ ಖಾಲಿ ಬುಟ್ಟಿ ತರುವ ಯಶವಂತಣ್ಣ
ನಮ್ಮ ಮಾಡನ್ನು ನೋಡಿ ನಕ್ಕ:
“ಸಮುದ್ರಕ್ಕೂ ಒಂದು ಕೈ ಬಳಿಯಿರಿ.”
ನಾವೂ ನಕ್ಕೆವು. ಅವ್ವಮ್ಮ ಮಾತ್ರ
ನೂಲು ಕಚ್ಚಿಕೊಂಡು ಆ ಬದಿಯನ್ನೇ ನೋಡಿದಳು,
ಎಷ್ಟು ಸುಣ್ಣ ಬೇಕಾದೀತು ಎನ್ನುವ ಹಾಗೆ.

ಜೂನ್ ಬಂತು. ಮಳೆಗೆ ಬಿಳಿ ನಿಲ್ಲುವುದಿಲ್ಲ.
ಓಣಿಯುದ್ದ ತೆಳಿಯ ಹಾಗೆ ಹರಿದು
ಹೊಳೆಗೆ, ಚಿಪ್ಪುಗಳಿಗೆ.
ಆಟಿಯಲ್ಲಿ ಮಾಡಿನ ಮೇಲೆಲ್ಲ ಪಾಚಿ.
ಮೊಂತುವಿಗೆ ಈಗಲೇ ಹೇಳಿಟ್ಟಿದ್ದೇನೆ,
ಫೆಬ್ರವರಿಗೆ ಇಪ್ಪತ್ತು ಕಿಲೊ,
ಹಳೇ ಕ್ರಯಕ್ಕೆ.
ಕೊಡುವುದಿಲ್ಲ ಅವ.