ಹತ್ತು ಎಣಿಸೂತನಕ

ಸೊಲ್ಲಾಪುರದಾಗ ನಾಲ್ವತ್ಮೂರು ಡಿಗ್ರಿ, ಮೇ ತಿಂಗಳು,
ಮಧ್ಯಾಹ್ನ ಮೂರರ ಹೊತ್ತು.
ನವೀ ಪೇಠದಾಗ ಮೂರನೇ ಮಜಲಿನ ಮ್ಯಾಲ
ನಾವು ಎಂಟು ಮಂದಿ
ಹಿಮದ ಕೋಟು ತೊಟ್ಟು ಅಳತಿ ನೋಡಾಕ ನಿಂತೀವಿ.

ಕೂಲರಿನ ನೀರು ತೀರಿ ಬರೇ ಸದ್ದು ಬರ್ತದ.
ಡಾಕ್ಟರ್ ಶಹಾ ಅವರ ಹೆಂಡತಿ ಕನ್ನಡಿ ಮುಂದ ತಿರುಗಿ ತಿರುಗಿ
"ಕರಡಿ ಆದೆ" ಅಂತ ನಗತಾರ.
ಅಕ್ಕಲಕೋಟದ ಅಣ್ಣತಮ್ಮರಿಬ್ಬರು
ಕೊರಳತನಕ ಜಿಪ್ಪು ಎಳಕೊಂಡು
ಬೆವರು ಸುರಿಸಿಕೋತ ಸೆಲ್ಫಿ ಹೊಡೀತಾರ.

ಕರಕೊಂಡು ಹೋಗಾಕಿ ಪುಣೆಯ ಹುಡುಗಿ, ಮೃಣ್ಮಯೀ.
ಕಿಟಕಿಗೆ ಚಾದರ ಇಳಿಬಿಟ್ಟು ಗೋಡೆ ಮ್ಯಾಲ ಚಿತ್ರ ಬಿಟ್ಟಳು.
ಆಕಾಶದ ತುಂಬ
ಯಾರೋ ಒಣಹಾಕಿ ಮರೆತು ಹೋದ ಹಸಿರು.

"ಫೆಬ್ರುವರಿ. ಐದು ರಾತ್ರಿ. ಎಲ್ಲಾರಿಗೂ ಒಂದೇ ಗಾಡಿ.
ಕಾಣತದ ಅಂತ ಮಾತು ಕೊಡೂದಿಲ್ಲ.
ಮೋಡ ಕವಿದರ ಮುಗೀತು, ರೊಕ್ಕ ವಾಪಸ್ ಇಲ್ಲ."
ಮರಾಠಿಯೊಳಗ ಹೇಳಿ, ಹಿಂದಿಯೊಳಗ ಹೇಳಿ,
ನನ್ನ ಮಾರಿ ನೋಡಿ ಇನ್ನೊಮ್ಮೆ ಸಾವಕಾಶ ಹೇಳಿದಳು.

ತಿಳೀತವ್ವಾ, ಮೊದಲನೇ ಸಲಕ್ಕೇ ತಿಳೀತು.

ಇಪ್ಪತ್ತೊಂಬತ್ತು ವರ್ಷ
ಗಡ್ಡಂ ಸಾಹೇಬರ ರಂಗಖಾನೆಯೊಳಗ ನೂಲು ಅದ್ದಿದಾಕಿ ನಾ.
ನೀಲಿ ತೊಟ್ಟಿಯಿಂದ ಲಡಿ ಮ್ಯಾಲೆತ್ತಿದ ಗಳಿಗಿ
ಅದು ನೀಲಿ ಇರೂದಿಲ್ಲ.
ಹಸಿರು.
ಗಿಣಿಯದಲ್ಲ, ಎಲಿಯದಲ್ಲ, ಬ್ಯಾರೆನೇ ಒಂದು.
ಗಾಳಿ ಕುಡೀತದ, ಕುಡಿದಷ್ಟೂ ಕಪ್ಪೇರತದ,
ಹತ್ತು ಎಣಿಸೂದರಾಗ ನೀಲಿ ಆಗಿ
ಏನೂ ಆಗಿಲ್ಲ ಅನ್ನೂಹಂಗ ಜೋತಾಡತದ.

ಆ ಹಸಿರನ್ನ ಯಾರೂ ಮಾರಿಲ್ಲ, ಯಾರೂ ಹೊದ್ದು ಮಲಗಿಲ್ಲ.
ಶೇಡ್ ಕಾರ್ಡಿನ್ಯಾಗ ಅದಕ್ಕ ನಂಬರಿಲ್ಲ.
ದಿನಕ್ಕ ನೂರು ಸಲ ನನ್ನ ಕೈಯಾಗ ಬಂದು
ನೂರು ಸಲ ಹೋಗೇದ.
ಇವತ್ತು ಗೋಡೆ ಮ್ಯಾಲ ನಿಂತಿತ್ತು, ಸುಮ್ನ.

"ಬಾಯೀ, ಅದು ಎಷ್ಟೊತ್ತು ಇರತದ?"
"ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ರಾತ್ರಿಯೆಲ್ಲಾ.
ಗಾಳಿಯೊಳಗಿನ ಆಮ್ಲಜನಕ, ಮೌಶಿ, ಅದರಿಂದ ಆ ಬಣ್ಣ."
"ಇಲ್ಲೂ ಅದರದೇ ಕೆಲಸ" ಅಂದೆ.
ಯಾರಿಗೂ ತಿಳೀಲಿಲ್ಲ.
ಆಕಿ ಮತ್ತೊಂದು ಹೇಳಿದಳು, ಸ್ವಲ್ಪ ದನಿ ಇಳಿಸಿ:
ಬರೇ ಕಣ್ಣಿಗೆ ಕೆಲವು ರಾತ್ರಿ ಅದು ಬೂದಿಯಂಗ ಕಾಣತದ,
ಹಸಿರು ಕ್ಯಾಮೆರಾಕ್ಕ ಅಷ್ಟೇ.

ಮೂಲ್ಯಾಗ ಕೂತಿದ್ದ ಗಡ್ಡಂ ಸಾಹೇಬರು ತಲಿ ಎತ್ತಿದರು.

ರೊಕ್ಕ ಎಲ್ಲಿಂದ ಅಂತ ಶಹಾ ಅವರ ಹೆಂಡತಿ ಕಣ್ಣಿಲೇ ಕೇಳಿದ್ದರು.
ಹನ್ನೊಂದು ವರ್ಷದ ಭಿಶಿ, ಎರಡು ಬಿಲ್ವಾರ,
ರಂಗಖಾನೆ ಮುಚ್ಚಿದಾಗ ಬಂದ ಫಂಡು.
ಹೇಳಲಿಲ್ಲ. ಸಹಿ ಮಾಡಿದೆ, ಕನ್ನಡದಾಗ.
ತಲೆಕೆಳಗಾಗೇದೇನೋ ಅಂತ ಗುಮಾಸ್ತ
ಕಾಗದ ತಿರುವಿ ತಿರುವಿ ನೋಡಿದ.

ಲಿಫ್ಟು ಕೆಟ್ಟಿತ್ತು. ಮೆಟ್ಟಲದ ಮ್ಯಾಲ ಸಾಹೇಬರು ನಿಂತಿದ್ದರು.
"ಗುರುಬಾಯಿ, ಅಲ್ಲಿ ಗಾಡಿಯೊಳಗ ನನ್ನ ಬಾಜೂಕ ಕೂಡು."
ಮುಂದ ಹೇಳಲಿಲ್ಲ.
ಕೆಂಪು ಹಸಿರು ಅವರಿಗೆ ಒಂದೇ.
ಅಷ್ಟು ವರ್ಷ ಲಡಿ ಬಿಸಿಲಿಗೆ ಹಿಡಿದು
"ಹೂಂ, ಛಲೋ ಬಂದದ" ಅನ್ನೂಮುಂದ
ಅವರ ಕಣ್ಣು ನೂಲಿನ ಮ್ಯಾಲ ಇರತಿದ್ದಿಲ್ಲ,
ನನ್ನ ಮಾರಿ ಮ್ಯಾಲ ಇರತಿತ್ತು.
ನನಗ ಗೊತ್ತಿತ್ತು. ಗೊತ್ತದ ಅಂತ ಅವರಿಗೂ.

"ಬಂದ್ರ ಹೇಳತೀನ್ರಿ."

ಕೋಟು ಇನ್ನೂ ನನ್ನ ಮೈಮ್ಯಾಲೇ ಇತ್ತು, ಜಿಪ್ಪು ಸಿಕ್ಕೊಂಡು.
ಕೆಳಗ ರಸ್ತೆದಾಗ ಡಾಂಬರು ಕರಗಿ
ಮಂದಿಯ ಚಪ್ಪಲಿ ಹಿಡೀತಿತ್ತು.
ಸಾಹೇಬರು ಬಗ್ಗಿ ಒಂದೊಂದೇ ಹಲ್ಲು ಬಿಡಿಸಿಕೋತ,
"ಬರದಿದ್ರೂ" ಅಂದರು, "ಏನಾರ ಒಂದು ಹೇಳು."