ನವೆಂಬರಿನ ನಾಲ್ಕು ಚೌಕ

ತೋರ್ಸ್ತಿ ಫೋನು ಮಾಡಿದ: "ಬುಧವಾರ ಸಂಜೆಯೊಳಗೆ
ನಾಲ್ಕೂ ಚೌಕ ತುಂಬಿ ಕಳಿಸು.
ತೊಡುವುದು, ಕುಡಿವುದು, ಬೇಯಿಸುವುದು, ಓದುವುದು,
ಒಂದೊಂದಕ್ಕೆ ನಲವತ್ತು ಪದ. ಹೆಚ್ಚಾದರೆ
ಟೈರಿನಂಗಡಿಯ ಜಾಹೀರಾತು ಹಿಡಿಸುವುದಿಲ್ಲ."

ಇಪ್ಪತ್ತೆರಡು ವರ್ಷದಿಂದ ತುಂಬುತ್ತಿದ್ದೇನೆ,
ರೌಮಾದ ವಾರಪತ್ರಿಕೆಯ ಏಳನೇ ಪುಟ,
ಋತುವಿಗೊಮ್ಮೆ, 'ಈ ಕಾಲದ ಅಚ್ಚುಮೆಚ್ಚು'.
ವಸಂತಕ್ಕೆ ಲಿನನ್ನು, ಬೇಸಿಗೆಗೆ ಸ್ಟ್ರಾಬೆರಿ,
ಎಲ್ಲ ಸರಾಗ. ನವೆಂಬರು ಮಾತ್ರ
ಯಾರ ಮೆಚ್ಚಿಗೂ ಬಗ್ಗುವುದಿಲ್ಲ.
ನಾಲ್ಕು ಹೊಡೆಯುವ ಮೊದಲೇ ಕತ್ತಲು.
ಹಿಮವೂ ಅಲ್ಲದ ಮಳೆಯೂ ಅಲ್ಲದ
ಎಂಥದೋ ಎಡಬಿಡಂಗಿ ಬೀಳುತ್ತದೆ,
ಬಿದ್ದದ್ದು ನೇರ ಬೂಟಿನೊಳಗೆ ಇಳಿಯುತ್ತದೆ.

ತೊಡುವುದು.
ಹೆಲ್ಸಿಂಕಿಯವರ ಪ್ರಕಾರ ಈ ಸಲ ಪಾಚಿಹಸಿರು,
ಮೊಣಕಾಲು ಮುಟ್ಟುವ ಉಣ್ಣೆಯ ಕೋಟು, ಅಗಲ ಕಾಲರು.
ಬರೆದೆ. ಅಳಿಸಿದೆ.
ನಮ್ಮ ರಸ್ತೆಯಲ್ಲಿ ಯಾವ ಹಸಿರೂ ಕಾಣುವುದಿಲ್ಲ,
ಕೋಟು ಕಾಣುವುದಿಲ್ಲ, ಕೋಟಿನೊಳಗಿನವರೂ.
ಕಾಣುವುದು ಜೇಬಿನಂಚಿಗೆ ಪಿನ್ನು ಚುಚ್ಚಿ
ದಾರದಲ್ಲಿ ತೂಗಾಡುವ ಪ್ರತಿಫಲಕವೊಂದೇ,
ಅಂಗೈಗಿಂತ ಚಿಕ್ಕದು, ಬ್ಯಾಂಕು ಪುಕ್ಕಟೆ ಕೊಟ್ಟದ್ದು.
ನನ್ನದು ಗೂಬೆ. ಒಂದು ಕಿವಿ ಮುರಿದಿದೆ.

ಕುಡಿವುದು.
ಜಿನ್ನಿಗೆ, ಮೇ ತಿಂಗಳಲ್ಲಿ ಕಿತ್ತ ಸ್ಪ್ರೂಸ್ ಚಿಗುರಿನ ಪಾಕ,
ಕಡಲದಂಡೆಯ ಮುಳ್ಳುಪೊದೆಯ ಹುಳಿಹಣ್ಣಿನ ರಸ,
ಕುಲುಕಿ, ಸೋಸಿ, ಎತ್ತರದ ಗ್ಲಾಸಿಗೆ.
ಚೆನ್ನಾಗಿಯೇ ಇರುತ್ತದೆ, ಸುಳ್ಳಲ್ಲ.
ಆದರೆ ತಂಗಿ ಪಿಲ್ವಿ ಬಂದರಷ್ಟೇ
ಷೇಕರು ಕಪಾಟಿನಿಂದ ಕೆಳಗಿಳಿಯುವುದು,
ಅವಳೋ ಕುಡಿಯುವುದನ್ನು ಬಿಟ್ಟು ಎರಡು ವರ್ಷ.
ಹೋದ ಭಾನುವಾರ ಅದಕ್ಕೆ
ಕುದಿನೀರು, ಕಪ್ಪು ಕರಂಟಿನ ಪಾಕ, ಎರಡು ಲವಂಗ ಹಾಕಿ ಕುಲುಕಿದೆವು.
ಮುಚ್ಚಳ ಹಾರಿ ಚಾವಣಿಗೆ ಬಡಿಯಿತು.
ಕಲೆ ಇನ್ನೂ ಇದೆ.
ನಾವು ನಕ್ಕದ್ದು ನಲವತ್ತು ಪದದಲ್ಲಿ ಹಿಡಿಸುವುದಿಲ್ಲ.

ಬೇಯಿಸುವುದು.
ದಾಲ್ಚಿನ್ನಿಯ ಸುರುಳಿ ಬನ್ನಿಗೆ ನಮ್ಮಲ್ಲಿರುವ ಹೆಸರು
ಕಪಾಳಮೋಕ್ಷ. ತಮಾಷೆಯಲ್ಲ.
ಸುರುಳಿಯ ನೆತ್ತಿಗೆ ಎರಡು ಹೆಬ್ಬೆರಳು ಒತ್ತಿದರೆ
ಆಚೀಚೆ ಕಿವಿ ಎದ್ದು ನಿಲ್ಲುತ್ತವೆ,
ಈಗಷ್ಟೇ ಏಟು ತಿಂದ ಹುಡುಗನ ಹಾಗೆ.
ಏಲಕ್ಕಿ ಪುಡಿ ಬೇಡ, ಕಾಳನ್ನೇ ಕುಟ್ಟಿ
ಎಂದು ಪ್ರತಿ ವರ್ಷ ಬರೆಯುತ್ತೇನೆ.
ಪ್ರತಿ ವರ್ಷ ಹಿಲ್ಕಾ ಎಂಬಾಕೆಯ ಕಾಗದ ಬರುತ್ತದೆ:
"ಕಾಳು ಹಲ್ಲಿಗೆ ಸಿಕ್ಕಿತು."
ಹೋದ ವರ್ಷ ಬರಲಿಲ್ಲ.
ಇವತ್ತು ಕುಟ್ಟುವಾಗ ಕೈ ತಾನಾಗಿ
ಇನ್ನಷ್ಟು ಹೊತ್ತು ಕುಟ್ಟಿತು.

ಓದುವುದು.
ಬಹುಮಾನ ಬಂದ ಕಾದಂಬರಿ ಮೇಜಿನ ಮೇಲಿದೆ,
ಆರುನೂರು ಪುಟ; ಹದಿನೆಂಟರಲ್ಲಿ ನಿಂತಿದ್ದೇನೆ.
ನಿಜಕ್ಕೂ ಓದುತ್ತಿರುವುದು
ಗ್ರಂಥಾಲಯದ ಬಸ್ಸಿನಿಂದ ತಂದ, ಬೆನ್ನು ಕಿತ್ತ
ಜೇನುಸಾಕಣೆಯ ಕೈಪಿಡಿ. ನನ್ನಲ್ಲಿ ಜೇನಿಲ್ಲ.
ಆದರೆ ಪುಟದಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ:
"ಸುಳ್ಳು." "ಇದು ಸರಿ." "ನಮ್ಮವು ಹೀಗೆ ಮಾಡಲಿಲ್ಲ."
ಚಳಿಗಾಲದ ಅಧ್ಯಾಯದ ಕೊನೆಗೆ, ಬಹಳ ಸಣ್ಣಕ್ಷರದಲ್ಲಿ,
"ಗೂಡಿಗೆ ಕಿವಿಯಿಟ್ಟೆ. ಗುಂಯ್‌ಗುಡುತ್ತಿವೆ."
ಇದನ್ನು ಯಾರ ಹೆಸರಿನಲ್ಲಿ ಓದಿ ಎನ್ನಲಿ?

ಬುಧವಾರ, ಐದು ಗಂಟೆ. ಚೌಕಗಳು ಖಾಲಿ.
ಹಳೇ ಡೈರಿಯ ತಿರುವಿನಲ್ಲಿ ಆ ಬಸ್ಸಿಗೇ ಕಾಯುತ್ತೇವೆ,
ಏಳೆಂಟು ಕತ್ತಲೆಯ ಮುದ್ದೆ, ಮಾತಿಲ್ಲ.
ಆರ್ವೋ ಬಸ್ಸು ತಿರುಗಿಸಿದ. ದೀಪ ನಮ್ಮ ಮೇಲೆ ಹಾಯಿತು.
ಥಟ್ಟನೆ ಮೊಣಕಾಲೆತ್ತರದಲ್ಲಿ
ಒಂದು ಮೀನು, ಒಂದು ಹೃದಯ, ಮೂರು ನಕ್ಷತ್ರ,
ಯಾವುದೋ ವಿಮಾ ಕಂಪನಿಯ ಕರಡಿ,
ಒಕ್ಕಿವಿಯ ನನ್ನ ಗೂಬೆ.
ಕರಡಿಯವನ ಟೋಪಿಯ ಕೆಳಗೆ, ಕಿವಿಯ ಹಿಂದೆ
ಅದು ಪೆನ್ಸಿಲೇ? ಸಿಗರೇಟೂ ಇದ್ದೀತು.
ನೋಡುವಷ್ಟರಲ್ಲಿ ದೀಪ ದಾಟಿತ್ತು.

ಮೆಟ್ಟಿಲು ಹತ್ತುತ್ತಲೇ ಫೋನು ಮಾಡಿದೆ:
"ತೋರ್ಸ್ತಿ, ಈ ಸಲ ನನಗೆ ಒಂದೇ ಚೌಕ ಸಾಕು.
ಮಿಕ್ಕ ಮೂರು ಟೈರಿನವರಿಗೇ ಕೊಡು.
ದಾರಿ ಜಾರುತ್ತಿದೆ, ಜನಕ್ಕೆ ಬೇಕಾಗುತ್ತದೆ."