ಹೇಳ್ರಿ

ಮೂರನೇ ರೈಲ್ವೆ ಗೇಟು ದಾಟಿದ್ರ ಉದ್ಯಮಬಾಗ,
ಅಲ್ಲಿ ಎರಕದ ಕಾರ್ಖಾನಿ, ಅದರಾಗ ಒಂದು ಗಾಜಿನ ಖೋಲಿ.
ರಾತ್ರಿ ಪಾಳಿಗೆ ನಾಕು ಮಷಿನ್ ನನ್ನ ಪಾಲಿಗೆ.
ಎರಡರ ಹಣಿ ಮ್ಯಾಲ ಡಾಲರು, ಎರಡರ ಹಣಿ ಮ್ಯಾಲ ಪರ್ಸೆಂಟು,
ಹೆಸರು ಒಂದಕ್ಕೂ ಇಲ್ಲ.

ಶ್ರಾವಣದಾಗ ಒಂದು ತಪ್ಪಾತು.
ಪರೀಕ್ಷಾದ ಮಷಿನ್ ಅಂತ ತಿಳದು
ಕುಲುಮಿ ಮಷಿನ್ನಿಗೆ ನಿಲ್ಲು ಅಂದೆ.
ನಿಂತಬಿಡ್ತು. ಯಾಕ ಅಂತ ಕೇಳಲಿಲ್ಲ.
ಹದಿನಾಕು ನಿಮಿಷ ಕುಲುಮಿಯ ಕಾವು ಯಾರೂ ಬರಕೊಳ್ಳಲಿಲ್ಲ,
ಅರವತ್ತು ಪಂಪಿನ ಕವಚ ಮತ್ತ ಕರಗಾಕ ಹೋದ್ವು.
ಅಷ್ಟೇಕರ್ ಸಾಹೇಬ್ರು ಒದರಲಿಲ್ಲ. ಇಷ್ಟಽ ಅಂದ್ರು:
"ಯಾರ ಮನಿ ಬಾಗಲಾ ಬಡ್ಯಾಕತ್ತೀ ಅಂತ
ನೋಡ್ಕೋಬಾರದೇನ, ಜಿನಮತಿ?"

ಬಾಗಲಕ್ಕ ಹೆಸರು ಬರ್ಯಾಕ ಕುಂತೆ.
"ಏನ್ ಮಾಡಾಕತ್ತೀರಿ ಬಾಯಾರ?" ಅಂದ ಭರಮಾ ಪಾಚಾಪುರಿ.
"ನಾಕು ಶೆಲ್ ತಯಾರ ಮಾಡಬೇಕು" ಅಂದೆ.
ಹೋದಾವ ಅಚ್ಚಿನ ವಿಭಾಗದಿಂದ
ಇನ್ನೂ ಬೆಚ್ಚಗಿದ್ದ ಉಸುಕಿನ ಚಿಪ್ಪೊಂದು ತಂದು
ಕೀಲಿಮಣಿ ಬಾಜೂಕ ಇಟ್ಟ.
ಅವನ ಶೆಲ್ಲೂ ಶೆಲ್ಲಽ. ನಾ ಬ್ಯಾಡ ಅನಲಿಲ್ಲ.

ಬ್ಯಾಶ್ ಸೂಕ್ಷ್ಮದ್ದು. ಸಮ ಚಿಹ್ನೆಯ ಅಕ್ಕಪಕ್ಕ
ಒಂದು ಕೂದಲಷ್ಟು ಜಾಗ ಬಿಟ್ರೂ
ಪಿಎಸ್-ಒನ್ ಅನ್ನೋ ಆಸಾಮಿ ಇಲ್ಲಿ ಯಾರೂ ಇಲ್ಲ ಅಂತೈತಿ.
ಮ್ಯಾಲ ಇನ್ನೊಂದು ಚಾಷ್ಟಿ:
ಒಳಗಽ ಇದ್ದು ಕರದ್ರ ಒಂದು ಚೀಟಿ ಓದತೈತಿ,
ದೂರಿಂದ ಬಾಗಲಾ ಬಡದು ಬಂದ್ರ ಬ್ಯಾರೇ ಚೀಟಿ.
ಎರಡನೇ ಚೀಟ್ಯಾಗ ಒಂದಽ ಸಾಲು ಬರದೆ:
ಮೊದಲನೇದನ್ನ ಓದು.

ಸಿ-ಶೆಲ್ಲಿಗೆ ಜಾಗ ಬಿಟ್ರ ಬ್ಯಾಸರಿಲ್ಲ,
ಆದ್ರ ಸೆಟ್ ಅಂತ ಮೊದಲ ಕೈ ಮುಗೀಬೇಕು.
ಝಡ್-ಶೆಲ್ಲು ಡಿಸೈನಿನ ಹುಡುಗ ಮುಸ್ತಫಾ ಸೌದಾಗರಂದು,
ಪರ್ಸೆಂಟಿಗೆ ಒಂದು ಡೊಂಕ ಗೆರಿ ಹಚ್ಚಿದ್ರ
ಎಲ್ಲಿ ಅದೀನಿ ಅಂತ ತಾನಽ ಹೇಳತೈತಿ.

ಕುಲುಮಿ ಮಷಿನ್ನು ನಾಕರಾಗ ಹಿರೀದು, ಅದಕ್ಕ ಕಾರ್ನ್ ಶೆಲ್.
ಜಾಗದ ಹೆಸರನ್ನ ಜೋಡಿ ಉದ್ಧರಣ ಚಿಹ್ನೆಯೊಳಗ ಇಟ್ಟೆ.
ಬರದ ಗಳಿಗ್ಯಾಗಽ ಹೆಪ್ಪುಗಟ್ಟಿತು,
ಎಲ್ಲಿ ಹೋದ್ರೂ "ಮನ್ಯಾಗಽ ಅದೀ" ಅನ್ನಾಕ ಹತ್ತಿತು.
ಶಹಾಪುರದ ನಮ್ಮ ಸೋದರತ್ತಿ ಹಿಂಗಽ,
ಭೆಟ್ಟಿ ಆದಾಗೆಲ್ಲಾ ಕೇಳತಾಳ:
"ಎಸ್ಸೆಲ್ಸಿ ಮುಗೀತೇನ ನಿಂದು?"
ಒಂಟಿ ಚಿಹ್ನೆಗೆ ಬದಲಿ ಮಾಡಿದೆ.
ಈಗ ಪ್ರತಿ ಸಲ ಕಣ್ಣು ತೆರದು ನೋಡಿ ಹೇಳತೈತಿ.

ಹೆಸರಾತು, ಜಾಗ ಆತು. ಕೊನೀಗೆ ಏನ ಬರೀಲಿ?
ಗೇಟಿನ ಕಾವಲುಗಾರ "ಕಾಯ್?" ಅಂತಾನ,
ಕ್ಯಾಂಟೀನಿನ್ಯಾಗ "ಬೋಲೋ".
ಖಡೇಬಜಾರದ ಅಂಗಡ್ಯಾಗ ಅಪ್ಪ
ಗಜದಕೋಲು ಹೆಗಲಿಗೆ ಆನಿಸಿ,
ಗಿರಾಕಿ ಚಪ್ಪಲಿ ಬಿಡೂಕಿಂತ ಮೊದಲಽ "ಹೇಳ್ರಿ" ಅಂತಿದ್ದ.
ಖಣ ಕೊಂಡ್ರೂ ಹೇಳ್ರಿ, ಬರೇ ದಾರಿ ಕೇಳಿದ್ರೂ ಹೇಳ್ರಿ.
ಅದನ್ನಽ ಬರದೆ.

ಮೂರು ಮಷಿನ್ ಚಂದ ಹೇಳಿದ್ವು.
ಹಿರೀದಕ್ಕ ಕನ್ನಡ ತಿಳೀಲಿಲ್ಲ.
ಆ ಒಂದು ಶಬ್ದ ಅದರ ಕಣ್ಣಿಗೆ ಹದಿನೆಂಟು ಚೂರು,
ಚೂರಿಗೊಂದರಂಗ ಹದಿನೆಂಟು ಪ್ರಶ್ನೆ ಚಿಹ್ನೆ
ಸಾಲಾಗಿ ನಿಂತ್ವು.
ಅಳಸಾಕ ಕೈ ಹಾಕಿದೆ. ಬಿಟ್ಟೆ.
ಕುಲುಮಿಗೆ ನಿಲ್ಲು ಅನ್ನೂ ಮೊದಲ
ಹದಿನೆಂಟು ಸಲ ಕೇಳಿದ್ರ ಕೆಟ್ಟದ್ದೇನೂ ಆಗೂದಿಲ್ಲ.
ಬಣ್ಣ ಅಷ್ಟ ಕೆಂಪು ಮಾಡಿದೆ.

ಐದೂವರಿಗೆ ಭರಮಾ ಬಾಗಲದಾಗ,
ಹುಬ್ಬಿನ ಮ್ಯಾಲ ಉಸುಕು.
ಬಾಜೂದ ಪರದೆ ನೋಡಿ, ಅಕ್ಷರ ಕೂಡಿಸಿ ಓದಿದ,
ಹೇ, ಳ್ರಿ.
ತಲಿಗೆ ಕಟ್ಟಿದ ಟಾವೆಲ್ಲು ಬಿಚ್ಚಿದ.
"ಏನಿಲ್ರಿ, ಚಾಕ್ಕ ಕರ್ಯಾಕ ಬಂದಿದ್ದೆ" ಅಂದ,
ನನಗಲ್ಲ, ಪರದೆಗೆ.
ಚೌಕ ಮಿಣುಕತಿತ್ತು.
ಅವ ಇನ್ನೊಂದು ಗಳಿಗಿ ಅಲ್ಲೇ ನಿಂತ,
ಕೇಳಿದವರನ್ನ ಅರ್ಧಕ್ಕ ಬಿಟ್ಟು ಹೋಗಬಾರದು ಅನ್ನೂಹಂಗ.